ಚೂರು ಚೂರಾದ ಕಾಡು: ಪೂರ್ವ ಆಫ್ರಿಕಾ ಕರಾವಳಿಯಲ್ಲಿ ಮೊದಲು ಉಳಿಸಬೇಕಾದ್ದು ಯಾವುದನ್ನು?

ಕೀನ್ಯಾದ ಕರಾವಳಿಯಲ್ಲಿ ಒಂದು ಜಾತಿಯ ಗೀಜಗವಿದೆ. ಹೊಟ್ಟೆ ಹಳದಿ, ಗಂಡಿನ ತಲೆ ಮತ್ತು ಬೆನ್ನು ಕಪ್ಪು. ಕ್ಲಾರ್ಕ್ಸ್ ವೀವರ್ ಎಂದು ಅದರ ಹೆಸರು. ವಿಜ್ಞಾನಿಗಳು ಅದನ್ನು ದಾಖಲಿಸಿದ್ದು 1913ರಲ್ಲಿ. ಆಮೇಲೆ ನೂರು ವರ್ಷ ಅದರ ಗೂಡು ಎಲ್ಲಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಗೂಡಿಗೇ ಹೆಸರಾದ ಹಕ್ಕಿ ಅಲ್ವಾ ಗೀಜಗ! ಆದರೂ ಈ ಹಕ್ಕಿ ಅರಬುಕೊ-ಸೊಕೊಕೆ ಎಂಬ ಕಾಡಿನಲ್ಲಿ ಹಿಂಡು ಹಿಂಡಾಗಿ ಕಾಣಿಸಿಕೊಳ್ಳುತ್ತಿತ್ತು, ಮರಿ ಮಾಡುವ ಕಾಲಕ್ಕೆ ಎಲ್ಲೋ ಮಾಯವಾಗುತ್ತಿತ್ತು.

2013ರಲ್ಲಿ ಗೂಡು ಸಿಕ್ಕಿತು. ಅದು ಇದ್ದದ್ದು ಕಾವಲಿರುವ ಅರಬುಕೊ-ಸೊಕೊಕೆಯಲ್ಲಿ ಅಲ್ಲ, ಅದರ ಉತ್ತರಕ್ಕಿರುವ ದಕಾಚಾ ಎಂಬ ಜಾಗದಲ್ಲಿ. ಮಳೆ ಬಂದಾಗಷ್ಟೇ ನೀರು ನಿಲ್ಲುವ ಒಂದು ಜೌಗು, ಅದರ ಜೊಂಡಿನಲ್ಲಿ ಗೂಡುಗಳು. ದಕಾಚಾ ಸರ್ಕಾರದ ಸಂರಕ್ಷಿತ ಅರಣ್ಯವಲ್ಲ. ಅಲ್ಲಿ ಜನ ಹೊಲ ಮಾಡುತ್ತಾರೆ, ಅನಾನಸ್ ಬೆಳೆಯುತ್ತಾರೆ, ಇದ್ದಿಲು ಸುಡುತ್ತಾರೆ. ಅದಕ್ಕೂ ಕೆಲವು ವರ್ಷ ಮೊದಲು ಅದೇ ದಕಾಚಾದಲ್ಲಿ ಸುಮಾರು 50,000 ಹೆಕ್ಟೇರ್ ಬಯಲು ಮಾಡಿ ಜಟ್ರೋಫಾ ಹಾಕುವ ಯೋಜನೆ ಬಂದಿತ್ತು. ನಮ್ಮಲ್ಲೂ ಒಂದು ಕಾಲದಲ್ಲಿ ಡೀಸೆಲ್ ಗಿಡವೆಂದು ಹೊಗಳಿಸಿಕೊಂಡು ಆಮೇಲೆ ಸದ್ದಿಲ್ಲದಂತಾಯಿತಲ್ಲ, ಅದೇ ಜಟ್ರೋಫಾ. ಸ್ಥಳೀಯರು, ಪರಿಸರ ಸಂಘಟನೆಗಳು ಎದ್ದು ನಿಂತದ್ದರಿಂದ ಯೋಜನೆ ನಿಂತಿತು. ನಿಲ್ಲದಿದ್ದರೆ ಗೂಡು ಸಿಗುವ ಮೊದಲೇ ಗೂಡು ಕಟ್ಟುವ ಜಾಗ ಹೋಗಿರುತ್ತಿತ್ತು.

ಪೂರ್ವ ಆಫ್ರಿಕಾದ ಕರಾವಳಿ ಕಾಡುಗಳನ್ನು ಉಳಿಸುವ ಕೆಲಸ ಯಾಕಿಷ್ಟು ಕಷ್ಟ ಎಂಬುದಕ್ಕೆ ಈ ಹಕ್ಕಿಯ ಕಥೆಯಲ್ಲೇ ಉತ್ತರವಿದೆ. ಕಾವಲುಗಾರ ಒಂದು ಕಡೆ ನಿಂತಿದ್ದಾನೆ, ಕಾಯಬೇಕಾದ್ದು ಇನ್ನೊಂದು ಕಡೆ ಇದೆ.

ದ್ವೀಪಗಳಂತೆ ಉಳಿದ ಕಾಡು

ಸೊಮಾಲಿಯಾದ ದಕ್ಷಿಣ ತುದಿಯಿಂದ ಕೀನ್ಯಾ, ತಾಂಜಾನಿಯಾ ದಾಟಿ ಮೊಜಾಂಬಿಕ್‌ವರೆಗೆ ಹಿಂದೂ ಮಹಾಸಾಗರದ ಅಂಚಿಗೆ ಒಂದು ಪಟ್ಟಿ ಎಳೆಯಿರಿ. ಜಂಜಿಬಾರ್, ಪೆಂಬಾ, ಮಾಫಿಯಾ ದ್ವೀಪಗಳನ್ನೂ ಸೇರಿಸಿಕೊಳ್ಳಿ. ಈ ಪಟ್ಟಿಗೆ ಸುಮಾರು 2.9 ಲಕ್ಷ ಚದರ ಕಿ.ಮೀ. ವಿಸ್ತಾರವಿದೆ ಎಂದು ಲೆಕ್ಕ. ಅದರಲ್ಲಿ ಮೂಲ ಸಸ್ಯವರ್ಗ ಉಳಿದಿರುವುದು ಹತ್ತನೇ ಒಂದು ಭಾಗ. ಅದರಲ್ಲೂ ನಿಜವಾಗಿ ಕಾಡು ಎನ್ನಬಹುದಾದದ್ದು ಇನ್ನೂ ಕಡಿಮೆ. ಉಳಿದದ್ದೂ ಒಂದೇ ಕಡೆ ಇಲ್ಲ. ಗುಡ್ಡದ ತಲೆಯಲ್ಲೊಂದು, ನದಿ ದಂಡೆಯಲ್ಲೊಂದು, ಹವಳದ ಸುಣ್ಣಕಲ್ಲಿನ ಮೇಲೊಂದು ಎಂದು ಚೆದುರಿ ಹೋಗಿದೆ. ಬಹುಪಾಲು ತುಂಡುಗಳು 20 ಚದರ ಕಿ.ಮೀ.ಗಿಂತ ಚಿಕ್ಕವು. ಮೇಲೆ ಹೇಳಿದ ಅರಬುಕೊ-ಸೊಕೊಕೆ ಸುಮಾರು 420 ಚದರ ಕಿ.ಮೀ. ಈ ಕರಾವಳಿಯ ಒಣ ಕಾಡುಗಳಲ್ಲಿ ಇಡಿಯಾಗಿ ಉಳಿದ ದೊಡ್ಡ ತುಂಡು ಅಂದರೆ ಅದೇ.

ಈ ಕಾಡು ಚೂರಾಗಿದ್ದು ಪೂರ್ತಿ ಮನುಷ್ಯನಿಂದಲೇ ಅಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಆಫ್ರಿಕಾದ ಮಳೆಕಾಡು ಪಶ್ಚಿಮದಿಂದ ಪೂರ್ವ ಕರಾವಳಿವರೆಗೂ ಹಬ್ಬಿತ್ತು. ಖಂಡದ ನಡುಭಾಗ ಒಣಗುತ್ತಾ ಬಂದಂತೆ ಪೂರ್ವದ ಕಾಡು ಬೇರೆಯಾಯಿತು. ಸಮುದ್ರದ ಗಾಳಿ ತೇವ ತಂದುಕೊಡುವ ಕಡೆಗಳಲ್ಲಿ ಮಾತ್ರ ಉಳಿಯಿತು. ಹಾಗೆ ಬೇರೆ ಬೇರೆ ಕಡೆ ಸಿಕ್ಕಿಕೊಂಡ ಗಿಡ, ಪ್ರಾಣಿಗಳು ತಮ್ಮ ತಮ್ಮ ಪಾಡಿಗೆ ಬದಲಾಗುತ್ತಾ ಹೋದವು. ಅದರ ಮೇಲೆ ಮನುಷ್ಯನ ಕೊಡಲಿ ಬಿದ್ದದ್ದು ಈಚೆಗೆ.

ಹೀಗಾಗಿ ಇಲ್ಲಿ ಒಂದು ತುಂಡಿನಲ್ಲಿರುವುದು ಪಕ್ಕದ ತುಂಡಿನಲ್ಲೂ ಇರುತ್ತದೆ ಎಂಬ ಖಾತ್ರಿ ಇಲ್ಲ. ದೊಡ್ಡ ಕಾಡೊಂದನ್ನು ಆರಿಸಿ ಬೇಲಿ ಹಾಕಿದರೆ ಹೆಚ್ಚಿನ ಜೀವಿಗಳು ಅದರೊಳಗೆ ಬಂದುಬಿಡುತ್ತವೆ ಎಂಬ ಲೆಕ್ಕ ಬೇರೆ ಕಡೆ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ.

ಒಂದೆರಡನ್ನು ಹತ್ತಿರದಿಂದ ನೋಡೋಣ. ಅರಬುಕೊ-ಸೊಕೊಕೆಯ ನೆಲದ ಮೇಲೆ ಒಣ ಎಲೆ ದಪ್ಪಗೆ ಬಿದ್ದಿರುತ್ತದೆ. ಆ ಎಲೆಗಳ ನಡುವೆ ಉದ್ದ ಮೂತಿ ಆಡಿಸುತ್ತಾ ಹುಳ ಹುಡುಕುವ ಪ್ರಾಣಿ ಸೆಂಗಿ. ನೋಡಲು ದೊಡ್ಡ ಇಲಿಯಂತಿದೆ, ಆದರೆ ವಂಶದ ಲೆಕ್ಕದಲ್ಲಿ ಇಲಿಗಿಂತ ಆನೆಗೆ ಹತ್ತಿರ. ಅದರ ಹಿಂಭಾಗದಲ್ಲಿ ಚಿನ್ನದ ಬಣ್ಣದ ಒಂದು ಮಚ್ಚೆ. ಬೇಟೆಗಾರ ಪ್ರಾಣಿ ಅಟ್ಟಿಸಿಕೊಂಡು ಬಂದರೆ ಕಣ್ಣು ಮೊದಲು ಹೋಗುವುದು ಆ ಮಚ್ಚೆಯ ಮೇಲೆ. ಅಲ್ಲಿ ಚರ್ಮ ಬೇರೆ ಕಡೆಗಿಂತ ದಪ್ಪ. ಕಚ್ಚಿಸಿಕೊಂಡರೂ ತಪ್ಪಿಸಿಕೊಂಡು ಓಡಬಹುದು. ಗಂಡು ಹೆಣ್ಣು ಜೀವನಪೂರ್ತಿ ಜೋಡಿ. ರಾತ್ರಿ ಮಲಗಲು ಎಲೆ ಗುಡ್ಡೆ ಮಾಡಿ ಅದರೊಳಗೆ ಸೇರಿಕೊಳ್ಳುತ್ತದೆ. ಈ ಜಾತಿಯ ಸೆಂಗಿ ಕೀನ್ಯಾ ಕರಾವಳಿಯ ಕೆಲವೇ ಕಾಡು ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮಾಂಸಕ್ಕೆಂದು ಉರುಳು ಹಾಕುವವರಿಗೆ ಇದೂ ಸಿಗುತ್ತದೆ. ನೆಲದ ಎಲೆ ಹೋದರೆ ಇದರ ಊಟವೂ ಹೋಯಿತು, ಹಾಸಿಗೆಯೂ ಹೋಯಿತು.

ತಾಂಜಾನಿಯಾ ಕಡೆ ರೊಂಡೊ ಗಲಾಗೊ ಇದೆ. ನಮ್ಮ ಕಾಡುಪಾಪದ ದೂರದ ನೆಂಟ. ತೂಕ 60 ಗ್ರಾಂ ಆಸುಪಾಸು. ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತಿದೆ. ಇದಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 1990ರ ದಶಕದಲ್ಲಿ. ಹೆಸರು ಸಿಕ್ಕಿ ಹೆಚ್ಚು ಕಾಲ ಕಳೆಯುವ ಮೊದಲೇ ಜಗತ್ತಿನ ಅತಿ ಅಪಾಯದ 25 ವಾನರ ಜಾತಿಗಳ ಪಟ್ಟಿಗೂ ಬಂತು. ದಾರ್ ಎಸ್ ಸಲಾಮ್ ನಗರದ ಪಕ್ಕದ ಪುಗು ಕಾಡು, ದಕ್ಷಿಣದ ರೊಂಡೊ ಪ್ರಸ್ಥಭೂಮಿ ಸೇರಿ ಬೆರಳೆಣಿಕೆಯ ತುಂಡುಗಳಲ್ಲಿ ಮಾತ್ರ ಇದೆ.

ಮರಗಳ ಕಥೆ ಇನ್ನೂ ವಿಚಿತ್ರ. ಕರೋಮಿಯಾ ಗೈಗಾಸ್ ಎಂಬ ಎತ್ತರದ ಮರ 1977ರಲ್ಲಿ ಕೀನ್ಯಾದಲ್ಲಿ ಸಿಕ್ಕಿತು. ಆ ಮರವನ್ನು ಮುಂದೆ ಯಾರೋ ಕಡಿದರು. ಮುಗಿಯಿತು ಎಂದುಕೊಂಡರು. 1993ರಲ್ಲಿ ತಾಂಜಾನಿಯಾದಲ್ಲಿ ಮತ್ತೆ ಕಂಡಿತು, ಪುನಃ ಕಳೆದುಹೋಯಿತು. 2011ರಲ್ಲಿ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಹುಡುಕಿ ಹೋದಾಗ ಕೆಲವೇ ಮರ ಸಿಕ್ಕವು. ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಮೊಳಕೆ ಬರುವುದೇ ಕಷ್ಟ. ಅಮೆರಿಕದ ಮಿಸೌರಿ ಸಸ್ಯೋದ್ಯಾನದಲ್ಲಿ 2018ರಲ್ಲಿ ಕೆಲವು ಬೀಜ ಮೊಳೆತವು. ಅದೇ ಹುಡುಕಾಟದಲ್ಲಿ ಎರಿತ್ರಿನಾ ಶ್ಲೀಬೆನೈ ಎಂಬ ಮರವೂ ಸಿಕ್ಕಿತು. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿಗೆ ನೆಡುವ ಹಾಲುವಾಣದ ಕುಲದ್ದೇ ಇದು. 1998ರಲ್ಲಿ ಅಳಿದುಹೋಗಿದೆ ಎಂದು ಬರೆದಾಗಿತ್ತು. 2001ರಲ್ಲಿ ಒಂದು ತುಂಡು ಕಾಡಿನಲ್ಲಿ ಸಿಕ್ಕಿತು. ಆ ಕಾಡನ್ನು ಜೈವಿಕ ಇಂಧನದ ತೋಟಕ್ಕೆಂದು ಸವರಿದಾಗ ಮತ್ತೆ ಹೋಯಿತು ಎಂದುಕೊಂಡರು. ಪರಿಸರ ಉಳಿಸುವ ಇಂಧನ ಬೆಳೆಯಲು ಪರಿಸರ ಕಡಿಯುವುದು! ಈ ತಮಾಷೆ ಆ ಕರಾವಳಿಯ ಒಂದು ದೇಶದಲ್ಲಿ ನಡೆಯಿತು, ಇನ್ನೊಂದರಲ್ಲಿ ಸ್ವಲ್ಪದರಲ್ಲಿ ತಪ್ಪಿತು.

ಇಲ್ಲಿಂದ ಜಗತ್ತಿಗೆಲ್ಲ ಹೋದ ಗಿಡವೂ ಇದೆ. ಬೆಂಗಳೂರಿನ ಬಾಲ್ಕನಿಗಳಲ್ಲೂ ಕಾಣುವ ಆಫ್ರಿಕನ್ ವಯೊಲೆಟ್‌ನ ಮೂಲ ಈ ಕಾಡು ಮತ್ತು ಪಕ್ಕದ ಉಸಂಬರಾ ಬೆಟ್ಟಗಳು. 1892ರ ಸುಮಾರಿಗೆ ಜರ್ಮನ್ ಅಧಿಕಾರಿಯೊಬ್ಬರು ಅಲ್ಲಿಂದ ಯುರೋಪಿಗೆ ಕಳಿಸಿದರು. ಈಗ ನರ್ಸರಿಗಳಲ್ಲಿ ಅದರ ಸಾವಿರಾರು ತಳಿಗಳಿವೆ. ಅದರ ಕಾಡಿನ ಸಂಬಂಧಿಯೊಂದು ಮಾತ್ರ ಕೀನ್ಯಾದ ಕಿಲಿಫಿಯ ಸುಣ್ಣಕಲ್ಲಿನ ಬಂಡೆಗಳ ನೆರಳಲ್ಲಿ ಒಂದೆರಡು ಕಡೆ ಜೀವ ಹಿಡಿದುಕೊಂಡಿದೆ. ಮೇಲಿನ ಮರ ಕಡಿದರೆ ನೆರಳಿಲ್ಲ. ನೆರಳಿಲ್ಲದಿದ್ದರೆ ಗಿಡವಿಲ್ಲ.

ಪಟ್ಟಿ ಮಾಡುವವರ ಕಷ್ಟ

ಸಂರಕ್ಷಣೆಯಲ್ಲಿ ಆದ್ಯತೆ ಎಂದರೆ ಇರುವ ಸ್ವಲ್ಪ ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು ಎಂಬ ತೀರ್ಮಾನ. ಬ್ರಿಟಿಷ್ ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ ಮತ್ತು ಸಂಗಡಿಗರು 2000ದಲ್ಲಿ ಜಗತ್ತಿನ 25 ಹಾಟ್‌ಸ್ಪಾಟ್‌ಗಳನ್ನು, ಅಂದರೆ ಅಪರೂಪದ ಜೀವಿಗಳು ತುಂಬಿರುವ, ಅಪಾಯವೂ ಹೆಚ್ಚಿರುವ ಪ್ರದೇಶಗಳನ್ನು, ಗುರುತಿಸಿದರು. ಬೇರೆಲ್ಲೂ ಇಲ್ಲದ ಕನಿಷ್ಠ 1,500 ಸಸ್ಯಗಳಿರಬೇಕು, ಮೂಲ ಸಸ್ಯವರ್ಗದ ಶೇ 70ರಷ್ಟಾದರೂ ಹೋಗಿರಬೇಕು. ಇದು ಅವರ ಅಳತೆ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಸೇರಿ ಒಂದು, ಕೀನ್ಯಾ, ತಾಂಜಾನಿಯಾದ ಈಸ್ಟರ್ನ್ ಆರ್ಕ್ ಬೆಟ್ಟಗಳು ಮತ್ತು ಕರಾವಳಿ ಕಾಡುಗಳು ಸೇರಿ ಒಂದು ಎಂದು ಪಟ್ಟಿಯಲ್ಲಿ ಬಂದವು. ಮುಂದೆ ಆಫ್ರಿಕಾದ ಈ ಕರಾವಳಿ ಕಾಡುಗಳನ್ನು ಬೆಟ್ಟಗಳಿಂದ ಬಿಡಿಸಿ ಪ್ರತ್ಯೇಕ ಹಾಟ್‌ಸ್ಪಾಟ್ ಮಾಡಿದರು.

ಈ ಪಟ್ಟಿಯಿಂದ ಉಪಯೋಗವಾಗಿದೆ. ದುಡ್ಡು ಬಂತು, ಗಮನ ಬಂತು. ಆದರೆ ನೆಲಕ್ಕೆ ಇಳಿದಾಗ ತೊಡಕು ಶುರು. 2003ರ ಹೊತ್ತಿಗೆ ಬೆಟ್ಟ ಮತ್ತು ಕರಾವಳಿ ಎರಡನ್ನೂ ಸೇರಿಸಿ ಜಾಗತಿಕ ನಿಧಿಯೊಂದಕ್ಕಾಗಿ ಲೆಕ್ಕ ಹಾಕಿದಾಗ ಅಪಾಯದಲ್ಲಿರುವ ಜೀವಿಗಳಿರುವ ತಾಣಗಳೇ 160ರ ಹತ್ತಿರ ಬಂದವು. ಎಲ್ಲವೂ ಮುಖ್ಯ ಎಂದರೆ ಯಾವುದೂ ಮೊದಲಿಲ್ಲ. ಆಗ ಆರಿಸುವವರು ಮಾಡುವ ಸುಲಭದ ಕೆಲಸ ಒಂದೇ. ದೊಡ್ಡ ಕಾಡು, ಹೆಸರಿರುವ ಕಾಡು, ರಸ್ತೆ ಇರುವ ಕಾಡು, ಮೊದಲೇ ಅಧ್ಯಯನ ನಡೆದಿರುವ ಕಾಡು ಪಟ್ಟಿಯ ಮೇಲಕ್ಕೆ ಬರುತ್ತವೆ. ಮೊಜಾಂಬಿಕ್‌ನ ಉತ್ತರದ ಕಾಬೊ ದೆಲ್ಗಾದೊ ಪ್ರಾಂತ್ಯದಲ್ಲಿ ಒಳ್ಳೆಯ ಕರಾವಳಿ ಒಣ ಕಾಡುಗಳಿವೆ, ಆದರೆ 2017ರಿಂದ ಅಲ್ಲಿ ಉಗ್ರರ ಹಾವಳಿ. ಸೊಮಾಲಿಯಾ ಗಡಿಯ ಬೋನಿ ಕಾಡಿನಲ್ಲೂ ಅದೇ ಗೋಳು. ಸಮೀಕ್ಷೆಗೆ ಹೋಗಲು ಆಗದ ಕಾಡಿಗೆ ಪಟ್ಟಿಯಲ್ಲಿ ಅಂಕ ಎಲ್ಲಿಂದ ಬರಬೇಕು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಕರಾವಳಿಯಲ್ಲಿ ಕಾಡಿನ ಅಳತೆ ನೋಡಿ ಆದ್ಯತೆ ಕೊಡುವುದು ತಪ್ಪು. ಚಿಕ್ಕ ತುಂಡುಗಳನ್ನು ಮೊದಲು ನೋಡಬೇಕು, ಅದರಲ್ಲೂ ಯಾವ ಕಾನೂನಿನ ನಕ್ಷೆಯಲ್ಲೂ ಇಲ್ಲದವನ್ನು. ಮತ್ತು ಕಾಡಿನೊಳಗೆ ಏನಿದೆ ಎಂದು ಕೇಳುವಷ್ಟೇ ಗಟ್ಟಿಯಾಗಿ ಅದು ಯಾರ ಕೈಯಲ್ಲಿದೆ ಎಂದೂ ಕೇಳಬೇಕು.

ಹಿರಿಯರು ಕಾಯ್ದ ಕಾಯಾಗಳು

ಕೀನ್ಯಾದ ಬಂದರು ನಗರ ಮೊಂಬಾಸಾದ ಆಚೆ ಈಚೆ, ಕರಾವಳಿಯುದ್ದಕ್ಕೆ ಮಿಜಿಕೆಂಡಾ ಜನರಿದ್ದಾರೆ. ಗಿರಿಯಾಮಾ, ದಿಗೋ, ದುರುಮಾ, ರಬಾಯ್, ಕೌಮಾ ಹೀಗೆ ಒಂಬತ್ತು ಪಂಗಡ. ಉತ್ತರದ ಶುಂಗ್ವಾಯಾ ಎಂಬ ಕಡೆಯಿಂದ ಶತ್ರುಗಳ ಕಾಟ ತಾಳಲಾರದೆ ಬಂದವರು ತಾವು ಎಂಬುದು ಅವರ ಹಿರಿಯರು ಹೇಳುವ ಕಥೆ. ಬಂದವರು ಗುಡ್ಡದ ಮೇಲೆ, ದಟ್ಟ ಕಾಡಿನ ನಡುವೆ ಬಯಲು ಮಾಡಿಕೊಂಡು ಊರು ಕಟ್ಟಿದರು. ಸುತ್ತಲಿನ ಕಾಡೇ ಕೋಟೆ. ಒಳಗೆ ಹೋಗಲು ಗೊತ್ತುಮಾಡಿದ ದಾರಿ ಮಾತ್ರ. ಊರಿನ ನಡುವೆ ನೆಲದಲ್ಲಿ ಹೂತಿಟ್ಟ ರಕ್ಷೆಯ ವಸ್ತು, ಅದಕ್ಕೆ ಫಿಂಗೊ ಎನ್ನುತ್ತಾರೆ. ಇಂಥ ಊರಿಗೆ ಕಾಯಾ ಎಂದು ಹೆಸರು. ಕಾಲ ಸರಿದಂತೆ ಜನ ಕೆಳಗಿಳಿದು ಹೊಲ ಮಾಡಿದರು. ಕಾಯಾಗಳು ಸಮಾಧಿ, ಪೂಜೆ, ಪ್ರಾರ್ಥನೆಯ ಜಾಗಗಳಾಗಿ ಉಳಿದವು. ಮರ ಕಡಿಯುವಂತಿಲ್ಲ, ದನ ಮೇಯಿಸುವಂತಿಲ್ಲ, ದಾರಿ ಬಿಟ್ಟು ನಡೆಯುವಂತಿಲ್ಲ. ಕೊಡಗಿನ ದೇವರಕಾಡು, ಕರಾವಳಿಯ ನಾಗಬನ ನೋಡಿದವರಿಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ.

ಕಾಯಾಗಳು ಹತ್ತು ಹೆಕ್ಟೇರ್‌ನಿಂದ ಕೆಲವು ನೂರು ಹೆಕ್ಟೇರ್‌ವರೆಗೆ ಇವೆ. ಮೃಗಶಾಲೆಗೂ ಸಾಲದ ಜಾಗ ಎನಿಸಬಹುದು. ಆದರೆ ಕೀನ್ಯಾದ ಅಪರೂಪದ ಸಸ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕರಾವಳಿಯಲ್ಲಿ, ಅದರಲ್ಲೂ ತುಂಬಾ ಗಿಡಗಳು ಕಾಯಾಗಳಲ್ಲಿ. 1980ರ ದಶಕದ ಕೊನೆಯಲ್ಲಿ ಆನ್ ರಾಬರ್ಟ್‌ಸನ್ ಮತ್ತು ಕ್ವೆಂಟಿನ್ ಲೂಕ್ ಎಂಬ ಸಸ್ಯವಿಜ್ಞಾನಿಗಳು ಇವನ್ನು ಒಂದೊಂದಾಗಿ ಸುತ್ತಿ ದಾಖಲಿಸಿದ ಮೇಲೆ ಸರ್ಕಾರಕ್ಕೂ ಇವುಗಳ ಬೆಲೆ ತಿಳಿಯಿತು. 1992ರಿಂದ ಕಾಯಾಗಳನ್ನು ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸುತ್ತಾ ಬಂದರು. 2008ರಲ್ಲಿ ಯುನೆಸ್ಕೊ ಕೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷವೇ ಕಾಯಾಗಳ ಆಚರಣೆಗಳನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೂ ಹಾಕಿತು. ಕಾಡಿಗೆ ಗೌರವ ಬಂತು, ಕಾಡು ಕಾಯುವ ನಂಬಿಕೆ ಸಾಯುತ್ತಿದೆ ಎಂಬ ಎಚ್ಚರಿಕೆಯೂ ಜೊತೆಗೇ ಬಂತು.

ಈ ಕಾಡುಗಳಿಗೆ ರಾಜಕೀಯದ ಇತಿಹಾಸವೂ ಇದೆ. 1913ರಲ್ಲಿ ಮೆಕಟಿಲಿಲಿ ವಾ ಮೆಂಜಾ ಎಂಬ ಗಿರಿಯಾಮಾ ಹೆಂಗಸು ಬ್ರಿಟಿಷರಿಗೆ ಕೂಲಿಯಾಳು ಕೊಡಬಾರದು, ತೆರಿಗೆ ಕಟ್ಟಬಾರದು ಎಂದು ಜನರನ್ನು ಎಬ್ಬಿಸಿದಳು. ಆಣೆ ಪ್ರಮಾಣ ನಡೆದದ್ದು ಕಾಯಾ ಫುಂಗೊದಲ್ಲಿ. 1914ರಲ್ಲಿ ಬ್ರಿಟಿಷರು ಆ ಕಾಯಾಕ್ಕೆ ಡೈನಮೈಟ್ ಇಟ್ಟರು. ಗಿರಿಯಾಮಾ ಜನ ಅದನ್ನು ಇವತ್ತಿಗೂ ಮರೆತಿಲ್ಲ. ಕಾಡಿನ ವಿಷಯದಲ್ಲಿ ಸರ್ಕಾರ ಬಂದು ಏನಾದರೂ ಹೇಳಿದರೆ ಅವರು ತಕ್ಷಣ ತಲೆಯಾಡಿಸದಿರಲು ಕಾರಣ ಇಲ್ಲದಿಲ್ಲ.

ಈಗಿನ ಅಪಾಯ ಡೈನಮೈಟಿನಷ್ಟು ಸದ್ದು ಮಾಡುವುದಿಲ್ಲ. ದಿಯಾನಿ ಬೀಚಿನ ಸುತ್ತ ಹೋಟೆಲು, ರೆಸಾರ್ಟುಗಳಿಗೆ ಜಮೀನಿನ ಬೆಲೆ ಏರಿದೆ. ಹುಡುಗರು ಮೊಂಬಾಸಾಕ್ಕೆ ಕೆಲಸಕ್ಕೆ ಹೋಗುತ್ತಾರೆ. ಚರ್ಚು, ಮಸೀದಿಗೆ ಹೋಗುವ ಕೆಲವರಿಗೆ ಕಾಯಾ ಎಂದರೆ ಹಳೇ ಮೂಢನಂಬಿಕೆ. ಇನ್ನೂ ಕೆಟ್ಟದ್ದೊಂದಿದೆ. ಕಿಲಿಫಿ ಜಿಲ್ಲೆಯಲ್ಲಿ ವಯಸ್ಸಾದವರ ಮೇಲೆ ಮಾಟಗಾರರೆಂದು ಆರೋಪ ಹೊರಿಸಿ ಕೊಲ್ಲುವ ಪ್ರಕರಣಗಳು ವರ್ಷಗಳಿಂದ ನಡೆಯುತ್ತಿವೆ. ಎಷ್ಟೋ ಸಲ ಹಿಂದಿರುವುದು ಜಮೀನಿನ ಆಸೆ. ಕಾಯಾದ ಕಟ್ಟಳೆ ಬಲ್ಲವರು ಈ ವಯಸ್ಸಿನವರೇ. ಅಂಥವರು ಹೆದರಿ ಬದುಕುವ ಊರಿನಲ್ಲಿ ಕಾಡಿನ ಕಟ್ಟಳೆಯನ್ನು ಜಾರಿಗೆ ತರುವವರು ಯಾರು? ಸಂರಕ್ಷಣೆಯ ವರದಿಗಳಲ್ಲಿ ಮರಗಳ ಹೆಸರು ಪುಟಗಟ್ಟಲೆ ಇರುತ್ತದೆ. ಹಿರಿಯರ ಸುರಕ್ಷತೆಗೆ ಒಂದು ಪ್ಯಾರಾ ಸಿಗುವುದೂ ಅಪರೂಪ.

ಒಳ್ಳೆಯ ಉದಾಹರಣೆಯೂ ಇದೆ. ದಿಯಾನಿ ಪಕ್ಕದ ಕಾಯಾ ಕಿನೊಂಡೊ ಸುಮಾರು 30 ಹೆಕ್ಟೇರ್‌ನದು. ಪ್ರವಾಸಿಗರು ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿಕೊಂಡೇ ಒಳಗೆ ಹೋಗಬೇಕು. ಒಂದು ಎಲೆಯನ್ನೂ ತರುವಂತಿಲ್ಲ. ಜೊತೆಗೆ ಊರಿನವರೇ ಬರುತ್ತಾರೆ, ಟಿಕೆಟ್ಟಿನ ಹಣ ಊರಿಗೆ. ಆದರೆ ಬೀಚಿನ ಪಕ್ಕದಲ್ಲಿರುವ ಕಾಯಾಕ್ಕೆ ನಡೆಯುವ ಈ ಉಪಾಯ ಒಳನಾಡಿನ ಕಾಯಾಕ್ಕೆ ನಡೆಯುವುದಿಲ್ಲ.

ಕ್ವಾಲೆ ಜಿಲ್ಲೆಯ ಮ್ರಿಮಾ ಗುಡ್ಡ ಈಗಿನ ಅತಿ ಬಿಸಿ ವಿಷಯ. ಮೇಲೆ ಕಾಡು, ದಿಗೋ ಜನರ ಕಾಯಾ. ಕೆಳಗೆ ನಿಯೋಬಿಯಂ ಎಂಬ ಲೋಹ ಮತ್ತು ಅಪರೂಪದ ಭೂಖನಿಜಗಳು. ಎಲೆಕ್ಟ್ರಿಕ್ ಕಾರು, ಗಾಳಿ ಯಂತ್ರ, ಕ್ಷಿಪಣಿ ಎಲ್ಲದಕ್ಕೂ ಬೇಕಾದವು. ಒಂದು ವಿದೇಶಿ ಕಂಪನಿಗೆ ಸಿಕ್ಕಿದ್ದ ಗಣಿ ಪರವಾನಗಿಯನ್ನು ಕೀನ್ಯಾ ಸರ್ಕಾರ 2013ರಲ್ಲಿ ರದ್ದು ಮಾಡಿತು. ಕಂಪನಿ ವಿಶ್ವಬ್ಯಾಂಕಿನ ಹೂಡಿಕೆ ವ್ಯಾಜ್ಯ ಕೇಂದ್ರಕ್ಕೆ ಹೋಯಿತು, 2018ರಲ್ಲಿ ಸೋತಿತು. ಪರಿಸರ ಪರಿಣಾಮದ ಅಧ್ಯಯನದಂಥ ಕಡ್ಡಾಯ ಕೆಲಸಗಳನ್ನು ಮಾಡದೆ ಪಡೆದ ಪರವಾನಗಿಗೆ ರಕ್ಷಣೆ ಇಲ್ಲ ಎಂಬುದು ತೀರ್ಪಿನ ತಿರುಳು. ಅಷ್ಟರಲ್ಲಿ ಜಗತ್ತು ಬದಲಾಯಿತು. ಈ ಖನಿಜಗಳ ಸಂಸ್ಕರಣೆ ಹೆಚ್ಚುಕಡಿಮೆ ಪೂರ್ತಿ ಚೀನಾದ ಕೈಯಲ್ಲಿರುವುದರಿಂದ ಉಳಿದ ದೇಶಗಳೆಲ್ಲ ಬೇರೆ ಮೂಲ ಹುಡುಕುತ್ತಿವೆ. ಕಣ್ಣು ಮತ್ತೆ ಮ್ರಿಮಾ ಮೇಲೆ ಬಿದ್ದಿದೆ. ಹಸಿರು ಇಂಧನದ ಹೆಸರಿನಲ್ಲಿ ಹಸಿರು ಹೋಗುವ ಇನ್ನೊಂದು ಸುತ್ತು ಇದು. ಈ ಸಲ ಎಣ್ಣೆ ಕಾಯಿಯ ಬದಲು ಅದಿರು. ಸ್ಮಾರಕ ಎಂಬ ಬೋರ್ಡು ಇಂಥ ಹೊತ್ತಿನಲ್ಲಿ ಎಷ್ಟು ಗಟ್ಟಿ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಇದ್ದಿಲಿನ ಅಲೆ

ಗಣಿ ಸುದ್ದಿಯಾಗುತ್ತದೆ. ಇದ್ದಿಲು ಸುದ್ದಿಯಾಗುವುದಿಲ್ಲ. ಆದರೆ ದಿನನಿತ್ಯ ಕಾಡು ತಿನ್ನುತ್ತಿರುವುದು ಇದ್ದಿಲೇ.

ಇದ್ದಿಲು ಮಾಡುವ ರೀತಿ ಸರಳ. ಮರ ಕಡಿದು ತುಂಡು ಮಾಡಿ ಒಟ್ಟುವುದು. ಮೇಲೆ ಹುಲ್ಲು, ಸೊಪ್ಪು, ಆಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುವುದು. ಗಾಳಿ ಹೆಚ್ಚು ಆಡದಂತೆ ಕೆಲವು ದಿನ ಒಳಗೊಳಗೇ ಬೇಯಬೇಕು. ಬಾಯಿ ಬಿಟ್ಟ ಕಡೆ ಮತ್ತೆ ಮಣ್ಣು ಮೆತ್ತಬೇಕು, ಇಲ್ಲದಿದ್ದರೆ ಎಲ್ಲ ಬೂದಿ. ಚೆನ್ನಾಗಿ ಆದರೂ ನೂರು ಕಿಲೋ ಕಟ್ಟಿಗೆಗೆ ಸಿಗುವುದು ಹತ್ತರಿಂದ ಇಪ್ಪತ್ತು ಕಿಲೋ ಇದ್ದಿಲು. ಅಂದರೆ ನಗರದ ಒಲೆಯಲ್ಲಿ ಉರಿಯುವ ಪ್ರತಿ ಚೀಲದ ಹಿಂದೆ ಐದರಿಂದ ಹತ್ತು ಪಟ್ಟು ಮರವಿದೆ. ಚೀಲಗಳು ಸೈಕಲ್ಲು, ಮೋಟರ್‌ಬೈಕು, ಲಾರಿಗಳಲ್ಲಿ ನಗರ ಸೇರುತ್ತವೆ. ನಗರದ ಬಡವರಿಗೆ ಇದೇ ಅನುಕೂಲ. ದಿನಕ್ಕೆ ಬೇಕಾದಷ್ಟನ್ನು ಡಬ್ಬಿ ಲೆಕ್ಕದಲ್ಲಿ ಕೊಳ್ಳಬಹುದು. ಗ್ಯಾಸ್ ಸಿಲಿಂಡರಿಗಾದರೆ ಒಂದೇ ಸಲ ಗಂಟು ಬಿಚ್ಚಬೇಕು.

ದಾರ್ ಎಸ್ ಸಲಾಮ್ ಸುತ್ತ ನಡೆದ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಲೆಗಳೆಂದು ಕರೆಯಿತು. ನಗರದಿಂದ ಹೊರಟ ಮೊದಲ ಅಲೆ ಬೆಲೆಬಾಳುವ ಮರಗಳನ್ನು ಒಯ್ಯುತ್ತದೆ. ಹಿಂದೆಯೇ ಕಡಿಮೆ ಬೆಲೆಯ ಮರ ಕಡಿಯುವ ಅಲೆ. ಕೊನೆಗೆ ಉಳಿದದ್ದನ್ನೆಲ್ಲ ಇದ್ದಿಲು ಮಾಡುವ ಅಲೆ. 1991ರಿಂದ 2005ರ ನಡುವೆ ಈ ಹಾಳುಗೆಡಹುವಿಕೆ ವರ್ಷಕ್ಕೆ 9 ಕಿ.ಮೀ.ವರೆಗಿನ ವೇಗದಲ್ಲಿ ಹೊರಕ್ಕೆ ಸರಿಯಿತು. ನಗರಕ್ಕೆ ಹತ್ತಿರವಾದಷ್ಟೂ ಮರದ ಜಾತಿಗಳು ಕಡಿಮೆ. ಪುಗು, ಕಜಿಂಜುಂಬ್ವಿ ಕಾಡುಗಳು ಸಂರಕ್ಷಿತವೆಂದು ಕಾಗದದಲ್ಲಿದ್ದರೂ ಈ ಅಲೆಗೆ ಸಿಕ್ಕವು. ರೊಂಡೊ ಗಲಾಗೊದ ಮನೆ ಅಲ್ಲೇ ಎಂಬುದನ್ನು ಮರೆಯಬೇಡಿ.

ಇದ್ದಿಲು ನಿಷೇಧ ಹಿಂದೆ ಪ್ರಯತ್ನಿಸಿಯಾಗಿದೆ. 2006ರಲ್ಲಿ ತಾಂಜಾನಿಯಾ ನಿಷೇಧ ಹಾಕಿ ಸ್ವಲ್ಪ ದಿನದಲ್ಲೇ ತೆಗೆಯಬೇಕಾಯಿತು. ಊರೆಲ್ಲ ಅಡುಗೆ ಮಾಡುವುದು ಹೇಗೆ? ಈಗಿನ ದಾರಿ ಬೇರೆ. ದೊಡ್ಡ ಸಂಸ್ಥೆಗಳ ಅಡುಗೆಮನೆಗಳಿಂದ ಕಟ್ಟಿಗೆ, ಇದ್ದಿಲನ್ನು ಹೊರಗೆ ಹಾಕುವ ಆದೇಶ ಬಂದಿದೆ. 2034ರೊಳಗೆ ಶೇ 80ರಷ್ಟು ಮನೆಗಳಿಗೆ ಶುದ್ಧ ಇಂಧನ ಎಂಬ ಗುರಿಯನ್ನು 2024ರಲ್ಲಿ ಇಟ್ಟುಕೊಂಡಿದ್ದಾರೆ. ಗುರಿ ಮುಟ್ಟುತ್ತದೋ ಇಲ್ಲವೋ, ದಿಕ್ಕು ಸರಿ. ಕಾಡಿನ ಸಂರಕ್ಷಣೆಯ ದುಡ್ಡನ್ನು ನಗರದ ಅಡುಗೆಮನೆಗೆ ಹಾಕುವುದು ಎಂದರೆ ಕೆಲವರಿಗೆ ವಿಚಿತ್ರ ಎನಿಸುತ್ತದೆ. ನನಗಂತೂ ಪುಗು ಕಾಡಿಗೆ ಇನ್ನಷ್ಟು ಗಾರ್ಡುಗಳನ್ನು ಹಾಕುವುದಕ್ಕಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ ಎನಿಸುತ್ತದೆ.

ಜಂಜಿಬಾರಿನಲ್ಲಿ ಇದ್ದಿಲಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ. ಅಲ್ಲಿಯ ಕೆಂಪು ಕೊಲೊಬಸ್ ಮಂಗಗಳು ಜೊಜಾನಿ ಕಾಡಿನ ಅಂಚಿನ ತೋಟಗಳಲ್ಲಿ ಮಾವಿನ ಎಲೆ, ಕಾಡುಬಾದಾಮಿಯ ಎಲೆ ತಿನ್ನುತ್ತವೆ. ಆ ಎಲೆಗಳಲ್ಲಿ ಹೊಟ್ಟೆಗಾಗದ ಅಂಶಗಳಿವೆ. ಅದಕ್ಕೆ ಮದ್ದಾಗಿ ಇದ್ದಿಲು ಗೂಡಿನ ಹತ್ತಿರ ಹೋಗಿ ಇದ್ದಿಲಿನ ಚೂರು ಎತ್ತಿ ತಿನ್ನುತ್ತವೆ. ಈ ಮಂಗಗಳು ಈ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅವು ಉಳಿದುಕೊಂಡದ್ದಕ್ಕೆ ಒಂದು ಕಾರಣ ಪ್ರವಾಸಿಗರ ಹಣದ ಪಾಲು ಸುತ್ತಲಿನ ಊರುಗಳಿಗೂ ಸಿಗುವುದು. ಇನ್ನೊಂದು ಕಾರಣ ಕೇಳಿದರೆ ನಗು ಬರಬಹುದು. ರಸ್ತೆ ಉಬ್ಬು! ಕಾಡಿನ ನಡುವಿನ ರಸ್ತೆಗೆ ಉಬ್ಬು ಹಾಕಿದ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವ ಮಂಗಗಳು ಕಡಿಮೆಯಾದವು.

ಚಿಟ್ಟೆ, ಬೇವು, ಕರಿಮರ

1990ರ ದಶಕದ ಶುರುವಿನಲ್ಲಿ ಅರಬುಕೊ-ಸೊಕೊಕೆ ಸುತ್ತಲಿನ ರೈತರನ್ನು ಕೇಳಿದಾಗ ಹೆಚ್ಚಿನವರು ಕಾಡು ಕಡಿದು ಜಮೀನು ಹಂಚಲಿ ಎಂದಿದ್ದರು. ಅವರ ಸಿಟ್ಟಿಗೆ ಅರ್ಥವಿತ್ತು. ಆನೆ, ಬಬೂನುಗಳು ಬೆಳೆ ತಿನ್ನುತ್ತವೆ, ಪರಿಹಾರ ಇಲ್ಲ. ಕಟ್ಟಿಗೆ ತಂದರೆ ಕೇಸು. 1993ರಲ್ಲಿ ಕಿಪೆಪೆಯೊ ಎಂಬ ಯೋಜನೆ ಶುರುವಾಯಿತು. ರೈತರು ಕಾಡಿನ ಚಿಟ್ಟೆಗಳನ್ನು ಹಿಡಿದು ಮೊಟ್ಟೆ ಇಡಿಸುತ್ತಾರೆ. ಹುಳಕ್ಕೆ ಬೇಕಾದ ಸೊಪ್ಪು ಬೆಳೆಸುತ್ತಾರೆ. ಕೋಶ ಕಟ್ಟಿದ ಮೇಲೆ ಗೆಡೆ ಎಂಬ ಹಳೇ ಸ್ವಾಹಿಲಿ ಪಟ್ಟಣದ ಅವಶೇಷಗಳ ಪಕ್ಕದ ಕೇಂದ್ರಕ್ಕೆ ತಂದು ಮಾರುತ್ತಾರೆ. ಅಲ್ಲಿಂದ ವಿಮಾನದಲ್ಲಿ ಯುರೋಪ್, ಅಮೆರಿಕದ ಚಿಟ್ಟೆ ಉದ್ಯಾನಗಳಿಗೆ. ಕಾಡು ಇದ್ದರೆ ಚಿಟ್ಟೆ, ಚಿಟ್ಟೆ ಇದ್ದರೆ ಸ್ಕೂಲ್ ಫೀಸು. ಈ ಲೆಕ್ಕ ಯಾರಿಗೂ ಭಾಷಣ ಮಾಡಿ ಹೇಳಬೇಕಾಗಲಿಲ್ಲ. ಇದಕ್ಕೂ ಮಿತಿ ಇದೆ. ಕೋಶ ದಿನಗಳಲ್ಲಿ ಒಡೆಯುವ ಸರಕು. ವಿಮಾನ ನಿಂತರೆ, ಹೊರಗಿನ ಉದ್ಯಾನ ಮುಚ್ಚಿದರೆ ಕೈಗೆ ಏನೂ ಇಲ್ಲ.

ಅದೇ ಕಾಡಿನ ಮುಹುಗು ಮರಕ್ಕೆ ಬೇರೆ ಕಾಟ. ಪ್ರವಾಸಿಗರು ಕೊಳ್ಳುವ ಜಿರಾಫೆ, ಆನೆಗಳ ಕೆತ್ತನೆಗೆ ಅದೇ ಬೇಕು. ಗಟ್ಟಿ, ನಯ, ಬಾಳಿಕೆ. ಆದರೆ ನಿಧಾನಕ್ಕೆ ಬೆಳೆಯುವ ಮರ. 1990ರ ದಶಕದಲ್ಲಿ ಕೆತ್ತನೆಗಾರರನ್ನು ಬೇರೆ ಮರಕ್ಕೆ ಹೊರಳಿಸುವ ಕೆಲಸ ನಡೆಯಿತು. ಆರಿಸಿದ ಮರ ಯಾವುದು ಗೊತ್ತಾ? ನಮ್ಮ ಬೇವು. ಭಾರತದಿಂದ ಹೋದ ಬೇವು ಅಲ್ಲಿ ಮ್ವಾರೊಬಾಯಿನಿ ಎಂಬ ಹೆಸರಿನಲ್ಲಿ ಮನೆಮದ್ದಾಗಿ ಊರೂರಲ್ಲಿ ಬೆಳೆದಿದೆ. ಎಷ್ಟು ಬೆಳೆದಿದೆಯೆಂದರೆ ಕರಾವಳಿಯಲ್ಲಿ ಅದು ಕಳೆ. ಕಳೆಯನ್ನು ಕಡಿದು ಕೆತ್ತಿದರೆ ಕಾಡಿನ ಮರ ಉಳಿಯುತ್ತದೆ. ಇಂಥ ಒಂದು ಕಲ್ಲಿಗೆ ಎರಡು ಹಣ್ಣು ಬೀಳುವುದು ಕಡಿಮೆ. ಭಾರತದಿಂದ ಹೋದ ಇನ್ನೊಂದು ಜೀವಿಯಿಂದ ಇಂಥ ಉಪಕಾರವಿಲ್ಲ. 1890ರ ದಶಕದಲ್ಲಿ ಕಸ ತಿನ್ನಲೆಂದು ಜಂಜಿಬಾರಿಗೆ ಒಯ್ದ ಊರುಕಾಗೆ ಈಗ ಕರಾವಳಿಯುದ್ದಕ್ಕೂ ಸಣ್ಣ ಹಕ್ಕಿಗಳ ಗೂಡು ದೋಚುತ್ತಿದೆ. ಹತ್ತು ಲಕ್ಷ ಕಾಗೆ ಕೊಲ್ಲುವುದಾಗಿ ಕೀನ್ಯಾದ ವನ್ಯಜೀವಿ ಇಲಾಖೆ 2024ರಲ್ಲಿ ಪ್ರಕಟಿಸಿತು.

ತಾಂಜಾನಿಯಾದ ಕಿಲ್ವಾ ಸುತ್ತ ಇನ್ನೂ ದೂರ ಹೋದ ಪ್ರಯೋಗವಿದೆ. ಅಲ್ಲಿ 2002ರ ಅರಣ್ಯ ಕಾಯ್ದೆಯ ಪ್ರಕಾರ ಊರೊಂದು ತನ್ನ ಜಮೀನಿನ ಕಾಡನ್ನು ಗ್ರಾಮ ಅರಣ್ಯವೆಂದು ಘೋಷಿಸಿ, ತಾನೇ ನಿಯಮ ಮಾಡಿ, ಮರ ಮಾರಿದ ಹಣ ತಾನೇ ಇಟ್ಟುಕೊಳ್ಳಬಹುದು. ಕ್ಲಾರಿನೆಟ್, ಓಬೊ ಮಾಡುವ ಎಂಪಿಂಗೊ ಎಂಬ ಕರಿಮರ ಅಲ್ಲಿ ಸಿಗುತ್ತದೆ. ನಮ್ಮ ಬೀಟೆಯ ಕುಲದ್ದೇ. 2009ರಲ್ಲಿ ಇಂಥ ಗ್ರಾಮ ಅರಣ್ಯಗಳಿಗೆ, ಕಾಡನ್ನು ಸರಿಯಾಗಿ ನೋಡಿಕೊಳ್ಳುತ್ತಾರೆ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿತು. ಕೀನ್ಯಾದಲ್ಲಿ 2005ರ ಕಾಯ್ದೆ ಬಂದಮೇಲೆ ಸಮುದಾಯ ಅರಣ್ಯ ಸಂಘಗಳಿವೆ. ಅವಕ್ಕೆ ಜೇನು, ಸೊಪ್ಪು, ಒಣ ಕಟ್ಟಿಗೆ ಇತ್ಯಾದಿ ಸಿಗುತ್ತವೆ, ಕಾಡಿನ ಒಡೆತನ ಸರ್ಕಾರದ್ದೇ. ಕಾಯುವ ಕೆಲಸ ಹಂಚಿದರು, ಅಧಿಕಾರ ಹಂಚಲಿಲ್ಲ.

ಜನರನ್ನು ಬಿಟ್ಟು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ತಾನಾ ನದಿ ಇದೆ. ಅಲ್ಲಿಯ ದಂಡೆಯ ಕಾಡಿನಲ್ಲಿ ಎರಡು ಮಂಗಗಳಿವೆ, ತಾನಾ ಕೆಂಪು ಕೊಲೊಬಸ್ ಮತ್ತು ತಾನಾ ಮಂಗಬೆ. ಎರಡೂ ಅಳಿವಿನ ತುದಿಯಲ್ಲಿವೆ. 1976ರಲ್ಲಿ ಅವಕ್ಕಾಗಿ ಸಂರಕ್ಷಿತ ಪ್ರದೇಶ ಮಾಡಿದರು. ಅಲ್ಲಿಯ ಜನ ನಮ್ಮನ್ನು ಕೇಳದೆ ಮಾಡಿದಿರಿ ಎಂದು ಕೋರ್ಟಿಗೆ ಹೋದರು. 2007ರಲ್ಲಿ ಹೈಕೋರ್ಟ್ ಆ ಘೋಷಣೆಯನ್ನೇ ರದ್ದು ಮಾಡಿತು. ಮೂವತ್ತು ವರ್ಷ ನಕ್ಷೆಯಲ್ಲಿದ್ದ ರಕ್ಷಣೆ ಒಂದು ತೀರ್ಪಿಗೆ ಹೋಯಿತು. ಮೇಲುಭಾಗದ ಅಣೆಕಟ್ಟುಗಳಿಂದ ಪ್ರವಾಹ ಬರುವ ಕ್ರಮ ಬದಲಾಗಿರುವುದು ಬೇರೆ. ನೆರೆ ಬಂದು ನೆನೆಯದಿದ್ದರೆ ಆ ದಂಡೆಯ ಕಾಡು ಹೊಸದಾಗಿ ಹುಟ್ಟುವುದಿಲ್ಲ.

ದುಡ್ಡು ಎಲ್ಲಿಗೆ?

ಹೊರಗಿನ ಹಣ ಬರುವುದು ಮೂರು ವರ್ಷ, ಐದು ವರ್ಷದ ಯೋಜನೆಗಳಾಗಿ. ಜೀಪು, ಕಚೇರಿ, ಕಾರ್ಯಾಗಾರ, ವರದಿ. ಹದಿನೈದು ಹೆಕ್ಟೇರಿನ ಕಾಯಾಕ್ಕೆ ಇದ್ಯಾವುದೂ ಬೇಡ. ಅದಕ್ಕೆ ಬೇಕಾದ್ದು ಸರ್ವೆ, ಗಡಿಕಲ್ಲು, ಹೆಸರಿಗೆ ಪಕ್ಕಾ ಕಾಗದ, ಊರಿನಿಂದಲೇ ಒಬ್ಬ ಕಾವಲುಗಾರ, ಅವನಿಗೆ ಇಪ್ಪತ್ತು ವರ್ಷ ತಪ್ಪದೆ ಸಂಬಳ. ಚಿಕ್ಕ ಮೊತ್ತ, ಉದ್ದ ಕಾಲ. ದೊಡ್ಡ ನಿಧಿಗಳಿಗೆ ಹೀಗೆ ಕೊಟ್ಟು ಅಭ್ಯಾಸವೇ ಇಲ್ಲ.

ದಕಾಚಾದಲ್ಲಿ ನೇಚರ್ ಕೀನ್ಯಾ ಸಂಸ್ಥೆ ಬೇರೆ ದಾರಿ ಹಿಡಿದಿದೆ. ಹೊರಗಿನ ಟ್ರಸ್ಟುಗಳ ನೆರವಿನಿಂದ ಅಲ್ಲಿ ಜಮೀನು ಪಡೆದು ಸಂರಕ್ಷಿತ ತಾಣ ಮಾಡುತ್ತಿದೆ. ತುರ್ತಿಗೆ ಇದು ಸರಿ. ಆದರೆ ಆ ಗೀಜಗ ಪ್ರತಿ ವರ್ಷ ಒಂದೇ ಜೌಗಿಗೆ ಬರುತ್ತದೆ ಎಂಬ ಖಾತ್ರಿ ಇಲ್ಲ. ಮಳೆ ಎಲ್ಲಿ ಬಿತ್ತೋ, ನೀರು ಎಲ್ಲಿ ನಿಂತಿತೋ ಅಲ್ಲಿ. ಹಾಗಾಗಿ ಕೊಂಡ ಜಮೀನಿನ ಆಚೆಗೆ ಇದ್ದಿಲು ಸುಡುವವನ, ಅನಾನಸ್ ಹಾಕುವವನ ಹೊಲದ ಪಕ್ಕದ ಜೌಗಿಗೂ ಒಂದು ಒಪ್ಪಂದ ಬೇಕು. ಆ ಜೌಗು ತುಂಬಿದ ವರ್ಷ ಅದನ್ನು ಉಳದೆ ಬಿಟ್ಟವನಿಗೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಯೋಜನೆಗಳಲ್ಲಿ ಇನ್ನೂ ಒಂದು ಸಾಲು ಬಂದಿಲ್ಲವಾದರೆ, ಬರೆಯಲು ಶುರು ಮಾಡಬೇಕಾದ್ದು ಅಲ್ಲಿಂದ.